ಕೊಬ್ಬರಿ ಅಟ್ಟದ ಕೆಳಗಿನ ಕಾರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯವರಿಗೆ ತಾಳ್ಮೆಯನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ತೋಟದಿಂದ ಬಂದ ಕಾಯಿ ಅಟ್ಟವೇರಿ, ತಿಂಗಳುಗಟ್ಟಲೆ ಕತ್ತಲಲ್ಲಿ ಕುಳಿತು, ಒಳಗಿನ ನೀರೆಲ್ಲ ಇಂಗಿ, ಅಲುಗಿಸಿದರೆ ಗಿಟುಕು ಗಡಗಡ ಎನ್ನುವವರೆಗೆ ಅದನ್ನು ಅವಸರಪಡಿಸುವವರಿಲ್ಲ. ಆದರೆ ಅದೇ ಅಟ್ಟದ ಕೆಳಗೆ ಹಳೆಯ ಮೋಟಾರು ಕಾರೊಂದು ನಿಂತಿದ್ದರೆ, ಅದರ ಮೇಲಿನ ಗೋಣಿತಾಟು ಸರಿಸಿದ ಅರ್ಧ ಗಂಟೆಯಲ್ಲಿ ಅದು ಓಡಬೇಕೆಂಬ ಹಟ ಎಂಥವರಿಗೂ ಹುಟ್ಟುತ್ತದೆ.

ಬಿಳಿಗೆರೆಯ ತೋಟದ ಮನೆಯೊಂದನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಮನೆ ಕಲ್ಪಿತವಾದುದು, ಅಲ್ಲಿಯ ಕಾರಿಗೆ ಬಂದ ರೋಗಗಳು ಮಾತ್ರ ಕಲ್ಪಿತವಲ್ಲ, ಆ ಜಾತಿಯ ಎಲ್ಲ ಕಾರುಗಳಿಗೂ ಬರುವಂಥವು. ಕೊಟ್ಟಿಗೆಯಲ್ಲಿರುವುದು ಎಂ.ಜಿ. ಟಿ.ಡಿ. ಎಂಬ ಎರಡೇ ಆಸನದ ಕ್ರೀಡಾ ಕಾರು. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆ ಇದನ್ನು 1949ರ ಕೊನೆಯಿಂದ 1953ರವರೆಗೆ ತಯಾರಿಸಿತು. 1250 ಘನ ಸೆಂಟಿಮೀಟರಿನ ಯಂತ್ರ, ಎರಡು ಕಾರ್ಬೊರೇಟರು, ತೆರೆದ ತಲೆ. ಮುಂದೆ ಹೊರದೇಶದ ಕಾರುಗಳ ಆಮದಿಗೆ ಬಿಗಿಯಾದ ಕಟ್ಟುಪಾಡು ಬಂದುದರಿಂದ ಇಂಥವು ನಮ್ಮ ನಾಡಿನಲ್ಲಿ ಬಲು ವಿರಳ. ಮನೆಯ ಅಜ್ಜಿ ಮದುವೆಯಾದ ವರ್ಷ ಅದರಲ್ಲಿ ಕುಳಿತು ಕೆರೆಯ ಏರಿಯವರೆಗೆ ಹೋಗಿಬಂದವರು. ಇನ್ನೊಮ್ಮೆ ಅಷ್ಟೇ ದೂರ ಹೋಗಿಬರಬೇಕೆಂಬುದು ಅವರ ಆಸೆ. ಬೆಂಗಳೂರಿನಿಂದ ಬಂದ ಮೊಮ್ಮಗ ಅದಕ್ಕಾಗಿಯೇ ಒಂದು ವಾರದ ರಜೆ ಹಾಕಿದ್ದಾನೆ.

ಮೊಮ್ಮಗ ಅವಿವೇಕಿಯಲ್ಲ. ಹಳೆಯ ಪೆಟ್ರೋಲನ್ನು ಚೆಲ್ಲಿಸಿದ; ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಒಳಗೆ ಎಣ್ಣೆ ಬಿಟ್ಟು, ಹ್ಯಾಂಡಲು ಹಾಕಿ ಯಂತ್ರ ಸಲೀಸಾಗಿ ತಿರುಗುವುದೆಂದು ಖಚಿತಪಡಿಸಿಕೊಂಡ. ಅನಂತರ ಹೊಸ ಹನ್ನೆರಡು ವೋಲ್ಟಿನ ಬ್ಯಾಟರಿ ತಂದು ಜೋಡಿಸಿ, ಬೀಗದ ಕೈ ತಿರುಗಿಸಿದ. ಡ್ಯಾಷ್‌ಬೋರ್ಡಿನ ಕೆಂಪು ದೀಪ ಹೊತ್ತಿತು. ಪೆಟ್ರೋಲ್ ಪಂಪು ಟಕ್ ಟಕ್ ಎಂದು ಬಡಿದುಕೊಳ್ಳತೊಡಗಿತು. ಎಲ್ಲರ ಮುಖವೂ ಅರಳಿತು. ಸ್ಟಾರ್ಟರಿನ ಗುಂಡಿ ಎಳೆದಾಗ ಮಾತ್ರ ಯಂತ್ರ ಒಮ್ಮೆ ನರಳಿ ನಿಂತುಬಿಟ್ಟಿತು. ಎರಡನೆಯ ಸಲ ಎಳೆದಾಗ ಕಾರ್ಬೊರೇಟರಿನ ಬಳಿ, ಚೋಕಿನ ತಂತಿಯ ಹೊದಿಕೆಯಿಂದ, ಸಣ್ಣಗೆ ಹೊಗೆ ಎದ್ದಿತು.

ತಲೆಯ ಮೇಲೆ ಅಟ್ಟದ ತುಂಬ ಕೊಬ್ಬರಿ, ಮಗ್ಗುಲಲ್ಲಿ ಒಣಮಟ್ಟೆಯ ರಾಶಿ, ಮೂಲೆಯಲ್ಲಿ ಸೋಗೆ. ಎಣ್ಣೆ ತುಂಬಿದ ಗಿಟುಕಿಗೆ ಕಿಡಿ ತಗುಲಿದರೆ ಒಂದು ವರ್ಷದ ಫಸಲಷ್ಟೇ ಅಲ್ಲ, ಮನೆಯೂ ಉಳಿಯದು. ಸೋದರಮಾವ ಒಡನೆಯೇ ತೀರ್ಪು ಕೊಟ್ಟರು: ಇನ್ನೊಮ್ಮೆ ಹೊಗೆ ಕಂಡರೆ ಕಾರು ಗುಜರಿಗೆ. ಕರೆಸಿದ ಮೆಕ್ಯಾನಿಕನದು ಇನ್ನೊಂದು ತೀರ್ಪು: ಹಳೆಯ ವೈರೆಲ್ಲ ಕಿತ್ತುಹಾಕಿ, ಡೈನಮೋ ತೆಗೆದು, ಈಗಿನ ಕಾಲದ ಆಲ್ಟರ್ನೇಟರು ಕೂರಿಸಬೇಕು. ಅವನು ಹೇಳಿದ ಮೊತ್ತವನ್ನು ಇಲ್ಲಿ ಕಾಣಿಸದಿರುವುದೇ ಲೇಸು.

ರೋಗವೇನೆಂದು ತಿಳಿಯುವ ಮೊದಲೇ ಅಂಗವನ್ನು ಕತ್ತರಿಸುವ ಈ ಚಿಕಿತ್ಸೆ ಹಳೆಯ ಕಾರುಗಳ ಪಾಲಿಗೆ ತುಕ್ಕಿಗಿಂತ ದೊಡ್ಡ ಶತ್ರು. ಅಜ್ಜಿಯ ಅದೃಷ್ಟಕ್ಕೆ ತೋಟದ ಪಂಪ್‌ಸೆಟ್ಟಿನ ಮೋಟಾರು ಸುತ್ತಲು ಬಂದಿದ್ದ ಮುದುಕ ಮೇಸ್ತ್ರಿ ಇದನ್ನೆಲ್ಲ ನೋಡುತ್ತ ನಿಂತಿದ್ದ. ಮೊದಲು ಅವನು ಮಾಡಿಸಿದ ಕೆಲಸವೆಂದರೆ ಬ್ಯಾಟರಿಯ ಅರ್ಥಿಂಗ್ ಕಡೆಯ ಕೊಂಡಿ ಬಿಚ್ಚಿಸಿ, ನಾಲ್ಕು ಆಳುಗಳಿಂದ ಕಾರನ್ನು ಹೊರಗಿನ ಕಣಕ್ಕೆ ತಳ್ಳಿಸಿದ್ದು. ಆಮೇಲೆ ಕೇಳಿದ: "ದೀಪ ಉರೀತೈತೆ, ಪಂಪು ಬಡೀತೈತೆ. ಸೆಲ್ಫ್ ಒಂದೇ ಯಾಕೆ ಹಿಡೀತಿಲ್ಲ, ಹೇಳಿ ಸ್ವಾಮಿ?"

ಉತ್ತರ ಶಾಲೆಯ ಲೆಕ್ಕದಷ್ಟು ಸುಲಭ. ಸಣ್ಣ ದೀಪವೊಂದು ಎಳೆಯುವ ವಿದ್ಯುತ್ತು ಎರಡು ಆಂಪಿಯರಿಗಿಂತಲೂ ಕಡಿಮೆ. ಸ್ಟಾರ್ಟರು ಎಳೆಯುವುದು ನೂರೈವತ್ತರ ಆಸುಪಾಸು. ದಾರಿಯಲ್ಲೆಲ್ಲೋ ತುಕ್ಕಿನಿಂದ ಒಂದು ಓಮಿನ ಐವತ್ತನೆಯ ಒಂದು ಭಾಗದಷ್ಟು ತಡೆ ಕುಳಿತಿದ್ದರೆ, ದೀಪಕ್ಕೆ ತಪ್ಪುವುದು ವೋಲ್ಟಿನ ನೂರರಲ್ಲಿ ನಾಲ್ಕು ಪಾಲು. ಅದು ಕಣ್ಣಿಗೇ ಕಾಣದು. ಅದೇ ತಡೆಯಲ್ಲಿ ಸ್ಟಾರ್ಟರಿಗೆ ಮೂರು ವೋಲ್ಟು ನಷ್ಟ. ಹನ್ನೆರಡರಲ್ಲಿ ಒಂಬತ್ತಷ್ಟೇ ಉಳಿಯಿತು. ತಡೆ ಇನ್ನೂ ಹೆಚ್ಚಿದ್ದರೆ ಸ್ಟಾರ್ಟರು ನರಳುವುದಲ್ಲದೆ ಇನ್ನೇನು ಮಾಡೀತು? ದೀಪ ಉರಿಯುತ್ತದೆ, ಆದ್ದರಿಂದ ವೈರು ಸರಿಯಿದೆ ಎಂಬ ತರ್ಕ ಈ ಕಾರಣದಿಂದ ನಿಲ್ಲುವುದಿಲ್ಲ.

ಮೇಸ್ತ್ರಿ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಅರ್ಥಿಂಗ್ ಧ್ರುವಕ್ಕೂ ಇನ್ನೊಂದನ್ನು ಯಂತ್ರದ ಬರಿಯ ಲೋಹಕ್ಕೂ ಒತ್ತಿ ಹಿಡಿದು, ಬ್ಯಾಟರಿಯ ಕೊಂಡಿ ಕೂಡಿಸಿ, ಒಂದೇ ಕ್ಷಣ ಸ್ಟಾರ್ಟರು ಎಳೆಯಹೇಳಿದ. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣಬಾರದು. ಕಂಡದ್ದು ಆರು! ಬ್ಯಾಟರಿಯ ಅರ್ಧ ಬಲ ಮರಳಿಬರುವ ದಾರಿಯಲ್ಲೇ ಸೋರಿಹೋಗುತ್ತಿತ್ತು.

ಈ ಕಾರಿನಲ್ಲಿ ಯಂತ್ರ ಕುಳಿತಿರುವುದು ರಬ್ಬರಿನ ದಿಂಬುಗಳ ಮೇಲೆ. ರಬ್ಬರು ವಿದ್ಯುತ್ತನ್ನು ಬಿಡದು. ಆದ್ದರಿಂದ ಯಂತ್ರಕ್ಕೂ ಚಾಸಿಗೂ ನಡುವೆ ತಾಮ್ರದ ಹೆಣೆದ ಪಟ್ಟಿಯೊಂದನ್ನು ಕಟ್ಟಿರುತ್ತಾರೆ. ಮೇಸ್ತ್ರಿ ಕಾರಿನಡಿ ಮಲಗಿ ನೋಡಿದರೆ ಆ ಪಟ್ಟಿ ಹಸಿರು ಕಿಲುಬಾಗಿ, ನಾಲ್ಕೆಳೆ ಬಿಟ್ಟು ಉಳಿದುದೆಲ್ಲ ಉದುರಿತ್ತು. ಸ್ಟಾರ್ಟರಿನ ನೂರಾರು ಆಂಪಿಯರು ಮನೆಗೆ ಮರಳಬೇಕಲ್ಲ? ಹೆದ್ದಾರಿ ಮುರಿದಾಗ ಲಾರಿಗಳು ಓಣಿಗೆ ನುಗ್ಗುವಂತೆ, ಅದು ಯಂತ್ರದಿಂದ ಡ್ಯಾಷ್‌ಬೋರ್ಡಿಗೆ ಹೋಗುವ ಚೋಕಿನ ಉಕ್ಕಿನ ತಂತಿಯನ್ನು ಹಿಡಿಯಿತು. ತಂತಿ ಕಾಯ್ದು ಹೊಗೆಯಾಡಿತು. ವೈರಿಂಗ್ ಸುಟ್ಟಿದೆಯೆಂದು ಎಲ್ಲರೂ ನಂಬಿದ್ದರು. ಸುಟ್ಟದ್ದು ವಿದ್ಯುತ್ತಿಗೆ ಸಂಬಂಧವೇ ಇಲ್ಲದ ತಂತಿ. ಸ್ಟಾರ್ಟರಿನ ದಾರಿಯಲ್ಲಿ ಫ್ಯೂಸೂ ಇರುವುದಿಲ್ಲವಾಗಿ, ಹೊಗೆ ಬೆಂಕಿಯಾಗುವುದನ್ನು ತಡೆಯುವವರು ಯಾರೂ ಇರಲಿಲ್ಲ.

ಪರೀಕ್ಷೆಗೆಂದು ದಪ್ಪನೆಯ ಜಂಪರ್ ಕೇಬಲ್ಲಿನಿಂದ ಬ್ಯಾಟರಿಯ ಅರ್ಥಿಂಗ್ ಧ್ರುವವನ್ನು ನೇರವಾಗಿ ಯಂತ್ರಕ್ಕೆ ಕೂಡಿಸಿ ಗುಂಡಿ ಎಳೆದರು. ಯಂತ್ರ ಬುಗುರಿಯಂತೆ ತಿರುಗಿತು. ಮೊಮ್ಮಗ ಕುಣಿದಾಡಿದ, ಈಗಲೇ ಸ್ಟಾರ್ಟ್ ಮಾಡೋಣವೆಂದ. ಮೇಸ್ತ್ರಿ ಒಪ್ಪಲಿಲ್ಲ. "ತಡೀರಿ ಸ್ವಾಮಿ, ದೊಡ್ಡ ದೀಪ ಹಾಕಿ ಮುಳ್ಳು ನೋಡಿ."

ದೀಪ ಹಾಕಿದಾಗ ಬ್ಯಾಟರಿಯಿಂದ ವಿದ್ಯುತ್ತು ಹೊರಹೋಗುತ್ತದೆ. ಆಮೀಟರಿನ ಮುಳ್ಳು ಖರ್ಚಿನ ಕಡೆ ವಾಲಬೇಕು. ಇಲ್ಲಿ ಅದು ಜಮೆಯ ಕಡೆ ವಾಲಿತು. ನಿಂತ ಕಾರು ಸಂಪಾದಿಸುತ್ತಿದೆಯೆಂದು ಲೆಕ್ಕ ತೋರಿಸಿದರೆ ಗುಮಾಸ್ತ ಕಳ್ಳನಾಗಿರಬೇಕು, ಇಲ್ಲವೇ ಪುಸ್ತಕ ತಲೆಕೆಳಗಾಗಿರಬೇಕು. ಆದದ್ದು ಎರಡನೆಯದು. ಈಗಿನ ಕಾರುಗಳಲ್ಲಿ ಬ್ಯಾಟರಿಯ ಋಣ ಧ್ರುವವನ್ನು ಲೋಹದ ಮೈಗೆ ಕೂಡಿಸುತ್ತಾರೆ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಮೈಗೆ ಕೂಡುತ್ತಿದ್ದುದು ಧನ ಧ್ರುವ; ಎಂ.ಜಿ. ಕಂಪನಿಯೇ ತನ್ನ ಎಂ.ಜಿ.ಬಿ. ಕಾರಿನಲ್ಲಿ ಈ ಪದ್ಧತಿಯನ್ನು ಬಿಟ್ಟದ್ದು 1967ರ ಕೊನೆಗೆ. ಮೊಮ್ಮಗ ರೂಢಿಯಂತೆ ತಿರುಗುಮುರುಗಾಗಿ ಜೋಡಿಸಿದ್ದ. ಹಾಗೆಯೇ ಯಂತ್ರ ಓಡಿಸಿದ್ದರೆ ಡೈನಮೋ ಮತ್ತು ಬ್ಯಾಟರಿ ಪರಸ್ಪರ ವಿರುದ್ಧವಾಗಿ ಕೂಡಿ, ನಿಯಂತ್ರಕ ಪೆಟ್ಟಿಗೆಯೊಳಗಿನ ಕಟ್‌ಔಟಿನ ತುಟಿಗಳು ಸುಟ್ಟು ಅಂಟಿಕೊಳ್ಳುತ್ತಿದ್ದುವು.

ಮುಂದಿನ ಎರಡು ದಿನ ಸದ್ದಿಲ್ಲದ ಕೆಲಸ ನಡೆಯಿತು. ಹೊಸ ಪಟ್ಟಿ ಬಂತು. ಅದು ಕೂರುವ ಎಡೆಗಳಲ್ಲಿ ಬಣ್ಣ, ತುಕ್ಕುಗಳನ್ನು ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ಬಿಗಿದು, ಮೇಲೆ ಗ್ರೀಸು ಸವರಿದರು. ಕಾಯ್ದು ಕೆಟ್ಟ ಚೋಕಿನ ತಂತಿಯನ್ನು ಬದಲಿಸಿದರು. ಬ್ಯಾಟರಿಯನ್ನು ತಿರುಗಿಸಿ ಕೂರಿಸಿದರು. ಬಹುಕಾಲ ಮಲಗಿದ್ದ ಡೈನಮೋ ತನ್ನ ಕಾಂತಶಕ್ತಿಯನ್ನು ಮರೆತಿರಬಹುದೆಂದು, ಅದರ 'ಎಫ್' ತಿರುಪಿನ ವೈರನ್ನು ಬಿಚ್ಚಿ, ಬ್ಯಾಟರಿಯ ಋಣ ಧ್ರುವದಿಂದ ತಂದ ತಂತಿಯನ್ನು ಅಲ್ಲಿಗೆ ಕ್ಷಣಕಾಲ ಎರಡು ಮೂರು ಸಲ ತಾಕಿಸಿದರು. ಮೂರನೆಯ ದಿನ ಯಂತ್ರ ಹೊತ್ತಿಕೊಂಡು, ವೇಗ ಏರಿದಂತೆ ಕೆಂಪು ದೀಪ ಮಂಕಾಗಿ ಆರಿತು. ಆ ದೀಪಕ್ಕೆ ಒಂದು ಕಡೆಯಿಂದ ಬ್ಯಾಟರಿ, ಇನ್ನೊಂದು ಕಡೆಯಿಂದ ಡೈನಮೋ. ಇಬ್ಬರ ಬಲವೂ ಸಮನಾದರೆ ನಡುವೆ ಹರಿಯುವುದೇನೂ ಇಲ್ಲ. ದೀಪ ಆರುವುದೇ ಇಲ್ಲಿ ಶುಭಸೂಚನೆ. ಮುಳ್ಳು ಈ ಸಲ ನಿಜವಾಗಿಯೇ ಜಮೆ ತೋರಿಸಿತು. ಆಲ್ಟರ್ನೇಟರಿನ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ದೊಡ್ಡ ದೀಪಗಳ ವಿಷಯದಲ್ಲಿ ಮಾತ್ರ ಮೇಸ್ತ್ರಿ ಯಾರ ಮಾತನ್ನೂ ಕೇಳಲಿಲ್ಲ. ಈ ಕಾರಿಗಿರುವುದು ಎರಡೇ ಫ್ಯೂಸು. ಮುಂದಿನ ದೀಪಗಳಿಗೆ ಅವುಗಳ ಕಾವಲೂ ಇಲ್ಲ. ಮಡ್‌ಗಾರ್ಡಿನ ಒಳಗೆ ವೈರುಗಳ ನೂಲಿನ ಹೊದಿಕೆಯನ್ನು ಇಲಿಗಳು ಕತ್ತರಿಸಿ ಗೂಡಿಗೆ ಒಯ್ದಿದ್ದುವು. ಕೊಬ್ಬರಿ ತಿಂದು ಕೊಬ್ಬಿದ ಇಲಿಗಳಿಗೆ ಹಾಸಿಗೆಯೂ ಬೇಕಲ್ಲ! ಆ ವೈರುಗಳನ್ನು ಬದಲಿಸಿ ಫ್ಯೂಸು ಸೇರಿಸುವವರೆಗೆ ಹಗಲಿನಲ್ಲಲ್ಲದೆ ಕಾರು ಹೊರಡಕೂಡದು ಎಂದು ಅವನ ಕಟ್ಟಪ್ಪಣೆ. ಎಲ್ಲವನ್ನೂ ಕೀಳಬೇಡಿ ಎಂದವನೇ ಕೀಳಲೇಬೇಕಾದ ಎಡೆಯಲ್ಲಿ ದಾಕ್ಷಿಣ್ಯ ತೋರಲಿಲ್ಲ.

ಅಜ್ಜಿ ಬೆಳಗಿನ ಹತ್ತು ಗಂಟೆಗೆ ಸೆರಗು ತಲೆಗೆ ಬಿಗಿದುಕೊಂಡು ಕುಳಿತರು. ಏರಿಯವರೆಗೆ ಹೋಗಿ ಬರಲು ಕಾಲು ಗಂಟೆ ಹಿಡಿಯಿತು. ಇಳಿಯುವಾಗ ಅವರು ಆಡಿದ್ದು ಒಂದೇ ಮಾತು: "ಆಗ ಇಷ್ಟು ಕುಲುಕ್ತಿರಲಿಲ್ಲ ಕಣೋ."

ಸಂಜೆ ಕಾರನ್ನು ಮರಳಿ ನಿಲ್ಲಿಸಿದ್ದು ಅಟ್ಟದ ಕೆಳಗಲ್ಲ, ಕಣದ ಆಚೆಯ ಖಾಲಿ ಸೂರಿನಲ್ಲಿ. ಬಾಗಿಲೆಳೆಯುವ ಮೊದಲು ಸೋದರಮಾವ ತಾವಾಗಿಯೇ ಬಾನೆಟ್ಟನ್ನು ಎತ್ತಿ, ಬ್ಯಾಟರಿಯ ಅರ್ಥಿಂಗ್ ಕೊಂಡಿಯನ್ನು ಬಿಚ್ಚಿ, ಪಕ್ಕಕ್ಕೆ ಮಡಿಸಿ ಕಟ್ಟಿದರು.