ದೀಪಕ್ಕೂ ಒಂದು ಕೋಡಿ ಬೇಕು

ಸೋರುವ ಮನೆಯಲ್ಲಿ ಬದುಕಿದವರಿಗೆ ಸೋರಿಕೆಯ ಸ್ವಭಾವ ಚೆನ್ನಾಗಿ ಗೊತ್ತು. ಅದು ಹುಟ್ಟುವ ಜಾಗ ಒಂದು, ಕಾಣಿಸಿಕೊಳ್ಳುವ ಜಾಗ ಇನ್ನೊಂದು. ಹೆಂಚಿನ ಮನೆಯಿಂದ ತಾರಸಿ ಮನೆಗೆ ಬಂದೆವು, ಈಗ ಕೆಲವರು ಗಾಲಿಯ ಮೇಲಿನ ಮನೆಗೂ ಬಂದಿದ್ದಾರೆ. ಸೋರಿಕೆಯ ಸ್ವಭಾವ ಮಾತ್ರ ಬದಲಾಗಿಲ್ಲ. ಜಯನಗರ, ಬನಶಂಕರಿ, ಜೆ.ಪಿ. ನಗರದ ಮರಗಳ ನೆರಳಿನಲ್ಲಿ, ಟೆಂಪೋ ಟ್ರಾವೆಲರ್ ವಾಹನವನ್ನು ಮಂಚ, ಒಲೆ, ಶೌಚಾಲಯಗಳ ಸಹಿತ ಕ್ಯಾರವಾನ್ ಆಗಿ ಮಾರ್ಪಡಿಸಿ ನಿಲ್ಲಿಸಿರುವುದು ಆಗೀಗ ಕಣ್ಣಿಗೆ ಬೀಳುತ್ತದೆ. ಇಂಥ ವಾಹನಗಳ ಹೊರಮೈಯಲ್ಲಿರುವ ದೀಪಗಳ ಸುತ್ತ ನೀರು ಸೋರುವುದನ್ನು ಸರಿಪಡಿಸುವ ಬಗೆಯ ಕುರಿತು ನನಗೊಂದು ಖಚಿತವಾದ ಅಭಿಪ್ರಾಯವಿದೆ. ದೀಪವನ್ನು ಬಿಚ್ಚದೆ ಅದರ ಸುತ್ತ ಸಿಲಿಕೋನ್ ಬಳಿಯುವುದು ದುರಸ್ತಿಯಲ್ಲ, ರೋಗವನ್ನು ಮರೆಮಾಡುವ ಉಪಾಯ ಮಾತ್ರ. ನೀರು ಒಳಬರುವ ದಾರಿಯನ್ನು ಮುಚ್ಚಬೇಕು, ಬಂದ ನೀರು ಹೊರಹೋಗುವ ದಾರಿಯನ್ನು ತೆರೆದಿಡಬೇಕು. ಎರಡೂ ಆದರೆ ಮಾತ್ರ ಅದು ದುರಸ್ತಿ.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ದೊಡ್ಡ ಪೀಠಿಕೆಯೇ ಎಂದು ಓದುಗ ಮಿತ್ರರು ನಗಬಹುದು. ಬನಶಂಕರಿ ಎರಡನೆಯ ಹಂತದಲ್ಲಿರುವ ನನ್ನ ಸ್ನೇಹಿತರೊಬ್ಬರ ಪಾಲಿಗೆ ಇದು ಚಿಕ್ಕ ವಿಷಯವಾಗಿರಲಿಲ್ಲ. ಅವರ ಶ್ರೀಮತಿಯವರಿಗೆ ಮಂಡಿನೋವು, ಜೊತೆಗೆ ಬಹುಕಾಲದ ಉಬ್ಬಸ. ದಾರಿಯಲ್ಲಿ ಸಿಕ್ಕ ಹೋಟೆಲುಗಳ ಮೆಟ್ಟಿಲು ಹತ್ತುವುದಾಗಲಿ, ಅಲ್ಲಿನ ಶೌಚಾಲಯ ಬಳಸುವುದಾಗಲಿ ಅವರಿಂದ ಆಗದು. ಆಕೆ ಮತ್ತೆ ಊರುಕೇರಿ ನೋಡಲೆಂದೇ ನಿವೃತ್ತಿಯ ಹಣದಲ್ಲಿ ಒಂದು ಪಾಲು ತೆಗೆದು ವಾಹನವನ್ನು ಮಾರ್ಪಡಿಸಿದ್ದರು. ಎರಡನೆಯ ಮಳೆಗಾಲಕ್ಕೆ ಆಕೆ ಮಲಗುವ ಮಂಚದ ಕಾಲಬುಡದ ಪ್ಲೈವುಡ್ ಕಪ್ಪಾಗಿ, ಬೂಷ್ಟು ಹಿಡಿದು, ಒಳಗೆ ಕಾಲಿಟ್ಟರೆ ಕೆಮ್ಮು ಬರುವಂತಾಯಿತು. ಕೆಲಸಗಾರರು ಮೊದಲು ಕಿಟಕಿಯ ರಬ್ಬರ್ ಬದಲಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ! ನೀರು ಬರುತ್ತಿದ್ದುದು ಬಾಗಿಲ ಮೇಲಿನ ದೀಪದ ಹಿಂದಿನಿಂದ. ಅದು ತಗಡಿಗೂ ಒಳಗಿನ ಪ್ಲೈವುಡ್ಡಿಗೂ ನಡುವೆ ತುಂಬಿದ ಉಷ್ಣನಿರೋಧಕದಲ್ಲಿ ಇಳಿದು, ನಾಲ್ಕು ಅಡಿ ಆಚೆ ಮಂಚದ ಬಳಿ ಹೊರಬೀಳುತ್ತಿತ್ತು. ದೀಪದ ಸುಳಿವು ಸಿಕ್ಕ ಮೇಲೂ ಒಂದಲ್ಲ, ಮೂರು ಬಾರಿ ಅದರ ಸುತ್ತ ಸಿಲಿಕೋನ್ ಬಳಿದದ್ದಾಯಿತು. "ಮೇಷ್ಟ್ರೇ, ನಿಂತಾಗ ಸೋರುವುದಿಲ್ಲ, ಓಡಿದರೆ ಸೋರುತ್ತದೆ. ಇದೇನು ಮಾಯೆ?" ಎಂದು ಅವರು ಕೇಳಿದರು.

ಮಾಯೆಯೇನಿಲ್ಲ. ಪ್ರೌಢಶಾಲೆಯ ವಿಜ್ಞಾನ ಪುಸ್ತಕವನ್ನು ತೆರೆದರೆ ಸಾಕು. ವಾಹನ ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡುವಾಗ ಎದುರುಗಾಳಿ ಮುಂಭಾಗದ ಮೇಲೆ ಹಾಕುವ ಒತ್ತಡ ಸುಮಾರು 300 ಪ್ಯಾಸ್ಕಲ್. ಅದು 3 ಸೆಂಟಿಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಅಂದರೆ ಆ ಗಾಳಿ ಮಳೆನೀರನ್ನು ಬಿರುಕಿನೊಳಗೆ ಮೂರು ಸೆಂಟಿಮೀಟರ್ ಮೇಲಕ್ಕೂ ಏರಿಸಬಲ್ಲದು. ಪಕ್ಕದ ಮೈಯಲ್ಲಿ ಒತ್ತಡ ಇಷ್ಟೇ ಇರುವುದಿಲ್ಲ, ನಿಜ. ಆದರೆ ಅಲ್ಲಿಯೂ ಗಾಳಿಯ ಸೆಳೆತ, ಚಕ್ರದಿಂದ ಎರಚುವ ನೀರು, ರಸ್ತೆಯ ಕುಲುಕಾಟ ಸೇರಿ, ಭೂಮಿಯ ಸೆಳೆತಕ್ಕೆ ಮಾತ್ರ ಒಳಗಾಗಿ ಇಳಿಯಬೇಕಾದ ನೀರನ್ನು ಅಡ್ಡದಾರಿಗೆ ತಳ್ಳುತ್ತವೆ.

ಇನ್ನೊಂದು ಕಾರಣ ದೀಪದ ಉಸಿರಾಟ. ಬಿಸಿಲಿನಲ್ಲಿ ನಿಂತು, ಮೇಲೆ ಉರಿದು, ದೀಪದೊಳಗಿನ ಗಾಳಿ 60 ಡಿಗ್ರಿಗೆ ಏರಿತೆನ್ನಿ. ಬೆಂಗಳೂರಿನ ಸಂಜೆಯ ಮಳೆ ಹಠಾತ್ತನೆ ಸುರಿದು ಅದನ್ನು 25 ಡಿಗ್ರಿಗೆ ಇಳಿಸಿದರೆ, ಚಾರ್ಲ್ಸನ ನಿಯಮದಂತೆ ಆ ಗಾಳಿ ಶೇಕಡ 10ರಷ್ಟು ಕುಗ್ಗುತ್ತದೆ. ಕುಗ್ಗಿದ ಜಾಗವನ್ನು ತುಂಬಲು ದೀಪ ಹೊರಗಿನಿಂದ ಉಸಿರೆಳೆದುಕೊಳ್ಳುತ್ತದೆ. ಆ ಗಳಿಗೆಯಲ್ಲಿ ಅಂಚಿನಲ್ಲಿ ನೀರು ನಿಂತಿದ್ದರೆ, ಗಾಳಿಯ ಬದಲು ನೀರೇ ಒಳಸೇರುತ್ತದೆ. ಗಾಜಿನ ಒಳಗೆ ಮಂಜು ಕಟ್ಟುವುದಕ್ಕೆ, ತಳದಲ್ಲಿ ಒಂದು ಚಮಚ ನೀರು ನಿಲ್ಲುವುದಕ್ಕೆ ಇದೂ ಒಂದು ಕಾರಣ.

"ಸಾರ್, ಇದು ಐಪಿ 67 ದೀಪ, ನೀರು ಬರುವುದೇ ಇಲ್ಲ" ಎಂದು ಅಂಗಡಿಯವರು ಭರವಸೆ ಕೊಡುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಅದರ ಅರ್ಥದ ಮಿತಿಯನ್ನು ನಾವು ತಿಳಿದಿರಬೇಕು. ಮೊದಲ ಅಂಕಿ 6 ಧೂಳಿನಿಂದ ಪೂರ್ಣ ರಕ್ಷಣೆಯನ್ನೂ, ಎರಡನೆಯ ಅಂಕಿ 7 ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಹಾನಿಯಾಗದು ಎಂಬುದನ್ನೂ ಹೇಳುತ್ತವೆ. ಆ ಪರೀಕ್ಷೆ ದೀಪದ ಒಡಲಿಗೆ ಸೇರಿದ್ದು. ವಾಹನದ ಮೈಗೆ ನಾವು ಕೊರೆದ ತೂತಿಗೆ ಯಾರೂ ಅಂಕಿ ಕೊಟ್ಟಿಲ್ಲ. ದೀಪ ಒಣಗಿಯೇ ಇದ್ದು, ಅದರ ಬೆನ್ನ ಹಿಂದಿನಿಂದ ನೀರು ಹರಿದು ಮಂಚ ನೆನೆಯುವುದು ಸಾಧ್ಯ. ನನ್ನ ಸ್ನೇಹಿತರ ವಾಹನದಲ್ಲಿ ಆದದ್ದೂ ಅದೇ.

ಸಿಲಿಕೋನ್ ಬಳಿಯುವವರ ಪರವಾಗಿಯೂ ಒಂದು ಮಾತು ಹೇಳಬೇಕು. ಗಿರಾಕಿ ಬೆಳಿಗ್ಗೆ ವಾಹನ ತಂದು ಸಂಜೆಗೆ ಬೇಕೆನ್ನುತ್ತಾನೆ. ದೀಪ ಬಿಚ್ಚಿ, ಒಣಗಿಸಿ, ಮರುಜೋಡಿಸಲು ದಿನಗಳು ಹಿಡಿಯುತ್ತವೆ. ಆ ಕೂಲಿ ಕೊಡಲು ಅವನು ಹಿಂದೆಮುಂದೆ ನೋಡುತ್ತಾನೆ. ಸುತ್ತ ಒಂದು ಬಿಳಿ ಗೆರೆ ಎಳೆದರೆ ಕಣ್ಣಿಗೆ ಕೆಲಸ ಮುಗಿದಂತೆ ಕಾಣುತ್ತದೆ. ಹೀಗಾಗಿ ತಪ್ಪು ಕೈಯಲ್ಲಿ ಮಾತ್ರವಿಲ್ಲ, ನಮ್ಮ ಅವಸರದಲ್ಲಿಯೂ ಇದೆ. ಆದರೂ ಫಲ ಒಂದೇ. ನಾಲ್ಕೂ ಸುತ್ತ ಬಿಗಿದ ದೀಪದ ಹಿಂದೆ ಎಲ್ಲೋ ಕೂದಲೆಳೆಯ ಸಂದಿನಲ್ಲಿ ನುಗ್ಗಿದ ನೀರಿಗೆ ಹೊರಬರಲು ದಾರಿಯಿಲ್ಲ. ಅದು ತಂತಿಯ ತೂತನ್ನೇ ದಾರಿ ಮಾಡಿಕೊಂಡು ಮನೆಯೊಳಕ್ಕೆ ಇಳಿಯುತ್ತದೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಬಿ.ಟಿ.ಎಂ. ಬಡಾವಣೆಯ ಹೆಸರಿನಲ್ಲಿರುವ ಬೈರಸಂದ್ರ, ತಾವರೆಕೆರೆ, ಮಡಿವಾಳಗಳು ಕೆರೆಗಳ ನೆರೆಯ ಊರುಗಳು. ಕೆರೆ ಕಟ್ಟಿದವರು ಏರಿಯನ್ನು ಎಷ್ಟೇ ಭದ್ರವಾಗಿ ಕಟ್ಟಿದರೂ ಕೋಡಿಯನ್ನು ಬಿಡದೆ ಇರುತ್ತಿರಲಿಲ್ಲ. ಕೋಡಿಯಿಲ್ಲದ ಕೆರೆ ಒಂದು ದೊಡ್ಡ ಮಳೆಗೆ ಏರಿಯನ್ನೇ ಒಡೆದುಕೊಂಡು ಹೋಗುತ್ತದೆ. ಹೆಂಚಿನ ಮಾಡನ್ನೇ ನೋಡಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಬಗೆಯ ಹೆಂಚುಗಳು ಕರಾವಳಿಯ ಜಡಿಮಳೆಯನ್ನು ಯಾವ ಅಂಟಿನ ಸಹಾಯವೂ ಇಲ್ಲದೆ ತಡೆಯುತ್ತ ಬಂದಿವೆ. ಮೇಲಿನ ಹೆಂಚು ಕೆಳಗಿನದನ್ನು ಹೊದೆಯಬೇಕು, ನೀರು ಕೆಳಕ್ಕೆ ಜಾರಬೇಕು. ಅಲ್ಲಿರುವುದು ಇಷ್ಟೇ ತತ್ತ್ವ. ಜಯನಗರದ ಹಳೆಯ ಮನೆಗಳ ಕಿಟಕಿಯ ಸಜ್ಜೆಯ ಅಡಿಯಲ್ಲಿ ಅಂಚಿಗೆ ಸಮಾನಾಂತರವಾಗಿ ಒಂದು ಗೆರೆ ಕೊರೆದಿರುವುದನ್ನು ಗಮನಿಸಿದ್ದೀರಾ? ಸಜ್ಜೆಯ ತಳಕ್ಕೆ ಅಂಟಿಕೊಂಡು ಗೋಡೆಯತ್ತ ಹರಿದುಬರುವ ನೀರು ಆ ಗೆರೆಯ ಬಳಿ ನಿಂತು ತೊಟ್ಟಿಕ್ಕುತ್ತದೆ. ಅಂಥ ಗಾರೆ ಕೆಲಸದವರು ನೀರಿನೊಡನೆ ಜಗಳವಾಡಲಿಲ್ಲ, ಅದಕ್ಕೆ ದಾರಿ ತೋರಿಸಿದರು.

ಹಾಗಾದರೆ ಕ್ಯಾರವಾನಿನ ದೀಪವನ್ನು ಸರಿಪಡಿಸುವ ಕ್ರಮವೇನು? ಮೊದಲು ಪತ್ತೆ. ಒಬ್ಬರು ಟಾರ್ಚು ಹಿಡಿದು ಒಳಗಿರಬೇಕು, ಇನ್ನೊಬ್ಬರು ಹೊರಗೆ ಪೈಪಿನಿಂದ ಹಗುರವಾಗಿ ನೀರು ಬಿಡಬೇಕು. ಕೆಳಗಿನ ದೀಪದಿಂದ ಆರಂಭಿಸಿ, ಒಂದೊಂದಕ್ಕೂ ಐದು ಹತ್ತು ನಿಮಿಷ ಕೊಟ್ಟು ಮೇಲಕ್ಕೆ ಹೋಗಬೇಕು. ಮೇಲಿನಿಂದ ಆರಂಭಿಸಿದರೆ ಎಲ್ಲವೂ ಒಟ್ಟಿಗೆ ನೆನೆದು ಕಳ್ಳ ಯಾರೆಂದು ತಿಳಿಯದು.

ಆಮೇಲೆ ಬ್ಯಾಟರಿಯ ಸಂಪರ್ಕ ತೆಗೆದು ದೀಪವನ್ನು ಬಿಚ್ಚಬೇಕು. ಹಳೆಯ ಸಿಲಿಕೋನನ್ನು ಚೂರೂ ಬಿಡದಂತೆ ಕೆರೆದು ತೆಗೆಯಬೇಕು, ಏಕೆಂದರೆ ಹಳೆಯ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಕಚ್ಚುವುದಿಲ್ಲ. ಮೂರು ಬಾರಿ ಬಳಿದೂ ಸೋತದ್ದಕ್ಕೆ ಇದೂ ಒಂದು ಕಾರಣ. ತೂತಿನ ಸುತ್ತಲಿನ ಪ್ಲೈವುಡ್ಡನ್ನು ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಆ ಭಾಗವನ್ನು ಕತ್ತರಿಸಿ ಬದಲಿಸದೆ ಬೇರೆ ದಾರಿಯಿಲ್ಲ. ಉಳಿದದ್ದು ಪೂರ್ಣ ಒಣಗುವ ತನಕ ಕಾಯಬೇಕು. ಒದ್ದೆಯನ್ನು ಒಳಗಿಟ್ಟು ಮುಚ್ಚುವುದು ಹುಣ್ಣಿನೊಳಗೆ ಕೀವು ಬಿಟ್ಟು ಹೊಲಿಗೆ ಹಾಕಿದಂತೆ. ತಗಡಿನ ಕತ್ತರಿಸಿದ ಅಂಚಿಗೆ ತುಕ್ಕುನಿರೋಧಕ ಬಣ್ಣ ಹಚ್ಚಿ, ತಂತಿಯ ತೂತಿಗೆ ರಬ್ಬರಿನ ಗ್ರಾಮೆಟ್ ಕೂರಿಸಬೇಕು. ತಂತಿ ತೂತನ್ನು ಸೇರುವ ಮುನ್ನ ಒಮ್ಮೆ ಕೆಳಕ್ಕೆ ಬಾಗಿ ಮೇಲೇರುವಂತೆ ಬಿಟ್ಟರೆ, ತಂತಿಯ ಗುಂಟ ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿಬಿಡುತ್ತದೆ. ಸಜ್ಜೆಯ ಗೆರೆಯ ತತ್ತ್ವವೇ ಇಲ್ಲಿಯೂ.

ಮರುಜೋಡಿಸುವಾಗ ದೀಪದ ಬೆನ್ನಿಗೆ, ತಂತಿಯ ತೂತನ್ನೂ ಸ್ಕ್ರೂಗಳ ತೂತುಗಳನ್ನೂ ಬಳಸಿ, ಬ್ಯುಟೈಲ್ ಟೇಪಿನ ಉಂಗುರ ಹಾಕಬೇಕು. ಅದು ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುವುದರಿಂದ ತಗಡು ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗಿದರೂ ಬಿಡಿಸಿಕೊಳ್ಳುವುದಿಲ್ಲ. ಸ್ಕ್ರೂಗಳನ್ನು ಎಲ್ಲ ಕಡೆ ಸಮನಾಗಿ ಬಿಗಿಯಬೇಕು. ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಬಿರಿಯುತ್ತದೆ. ಕೊನೆಗೆ ಬೇಕಿದ್ದರೆ ಸಿಲಿಕೋನ್. ಅದೂ ಮೇಲಂಚಿಗೆ ಮತ್ತು ಎರಡು ಪಕ್ಕಗಳಿಗೆ ಮಾತ್ರ. ಕೆಳಗಿನ ಅಂಚನ್ನು ಖಾಲಿ ಬಿಡಬೇಕು. ಅದೇ ದೀಪದ ಕೋಡಿ. ವಿನಿಗರ್ ವಾಸನೆ ಬರುವ ಬಗೆಯ ಸಿಲಿಕೋನಿನಿಂದ ಒಣಗುವಾಗ ಆಮ್ಲ ಹೊರಬರುತ್ತದೆ, ಅದು ತಾಮ್ರದ ತಂತಿಯನ್ನು ತಿನ್ನುತ್ತದೆ. ಆದ್ದರಿಂದ ನ್ಯೂಟ್ರಲ್ ಎಂದು ಬರೆದಿರುವುದನ್ನೇ ಕೇಳಿ ಕೊಳ್ಳಬೇಕು. ದೀಪದ ತಳದಲ್ಲಿ ತಯಾರಕರೇ ಬಿಟ್ಟ ಸಣ್ಣ ರಂಧ್ರವಿದ್ದರೆ ಅದನ್ನು ಮುಚ್ಚಬಾರದು. ಪೂರ್ತಿ ಮುಚ್ಚಿದ ಎಲ್‌ಇಡಿ ದೀಪಕ್ಕೆ ಹೊಸದಾಗಿ ಕೊರೆಯಲೂಬಾರದು.

ಕ್ಯಾರವಾನ್ ಇಲ್ಲದ ಓದುಗರು ತಮ್ಮ ಗೇಟಿನ ಕಂಬದ ಮೇಲಿನ ದೀಪವನ್ನೊಮ್ಮೆ ನೋಡಲಿ. ಅಲ್ಲಿಯೂ ಇದೇ ತತ್ತ್ವ, ಆದರೆ ಅಪಾಯ ಹೆಚ್ಚು. ವಾಹನದ ದೀಪ ಸಾಮಾನ್ಯವಾಗಿ 12 ವೋಲ್ಟಿನದು, ಗೇಟಿನ ದೀಪ 230 ವೋಲ್ಟಿನದು. ಒದ್ದೆ ಗೇಟನ್ನು ಮೊದಲು ಮುಟ್ಟುವವರು ಹಾಲಿನವರು, ಪತ್ರಿಕೆ ಹಾಕುವ ಹುಡುಗರು, ಶಾಲೆಯಿಂದ ಬರುವ ಮಕ್ಕಳು. ಅದನ್ನು ಬಿಚ್ಚುವ ಕೆಲಸವನ್ನು ಮೇನ್ ಸ್ವಿಚ್ ಆರಿಸಿ, ಬಲ್ಲ ಎಲೆಕ್ಟ್ರಿಷಿಯನ್ನರ ಕೈಗೇ ಕೊಡಬೇಕು. 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಆರ್‌ಸಿಸಿಬಿ ಮನೆಯಲ್ಲಿದೆಯೇ ಎಂದೂ ವಿಚಾರಿಸಬೇಕು.

ಸ್ನೇಹಿತರ ವಾಹನದ ಆ ದೀಪವನ್ನು ಕೊನೆಗೆ ಬಿಚ್ಚಲಾಯಿತು. ಹಿಂದಿದ್ದ ಪ್ಲೈವುಡ್ ಬೆರಳಿಗೇ ಪುಡಿಯಾಯಿತು, ತಂತಿಯ ತುದಿ ಹಸಿರುಗಟ್ಟಿತ್ತು. ಮಂಚದ ಪಕ್ಕದ ಗೋಡೆಯನ್ನೂ ಬದಲಿಸಬೇಕಾಯಿತು. ಮೊದಲ ಸಲವೇ ಬಿಚ್ಚಿದ್ದರೆ ಒಂದೆರಡು ದಿನದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಮೂರು ವಾರ ಹಿಡಿಯಿತು. ಆ ವರ್ಷದ ಪ್ರವಾಸವೂ ತಪ್ಪಿತು. ಬೂಷ್ಟಿನ ವಾಸನೆ ಹೋದ ಮೇಲೆಯೇ ಆಕೆ ಒಳಗೆ ಮಲಗಲು ಸಾಧ್ಯವಾದದ್ದು.

ಆದ್ದರಿಂದ, ಮುಂದಿನ ಸಲ ಯಾರಾದರೂ ನಿಮ್ಮ ವಾಹನವನ್ನಾಗಲಿ ಮನೆಯ ಹೊರದೀಪವನ್ನಾಗಲಿ ಸರಿಪಡಿಸಿದೆವೆಂದರೆ, ದುಡ್ಡು ಎಣಿಸುವ ಮೊದಲು ವಿನಯದಿಂದಲೇ ಎರಡು ಪ್ರಶ್ನೆ ಕೇಳಿ: ದೀಪವನ್ನು ಬಿಚ್ಚಿದಾಗ ಅದರ ಹಿಂದೆ ಏನು ಕಂಡಿತು? ಕೆಳಗಿನ ಅಂಚನ್ನು ತೆರೆದಿಟ್ಟಿದ್ದೀರಾ? ಮೊದಲನೆಯದಕ್ಕೆ ಉತ್ತರವಿಲ್ಲದಿದ್ದರೆ ಕೆಲಸ ಇನ್ನೂ ಆರಂಭವೇ ಆಗಿಲ್ಲವೆಂದು ತಿಳಿಯಿರಿ.