ಗ್ಲೋಬ್ ಕಪಾಟಿನಿಂದ ಹೊರಗೆ ಬರಲಿ



ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನದ ದಾರಿ ಎಷ್ಟು ದೂರ? 2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನವೊಂದು ಅಲ್ಲಿಂದ ಹೊರಟು, ನಡುವೆ ಎಲ್ಲೂ ಇಳಿಯದೆ ಬೆಂಗಳೂರಿಗೆ ಬಂತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಸಂಗಡಿಗರು, ಎಲ್ಲರೂ ಮಹಿಳೆಯರೇ. 9ರ ರಾತ್ರಿ ಬಿಟ್ಟು 11ರ ನಸುಕಿಗೆ ಇಳಿದರು. ಹಾರಿದ್ದು ಸುಮಾರು 17 ತಾಸು, ಉಳಿದದ್ದು ಎರಡೂ ಊರಿನ ಗಡಿಯಾರದ ವ್ಯತ್ಯಾಸ. ಬಂದ ದಾರಿ ಉತ್ತರ ಧ್ರುವದ ಮೇಲೆ!

"ಅಷ್ಟು ಸುತ್ತು ಹಾಕಿ ಯಾಕ ಬಂದರು?" ಅಂತ ನಮ್ಮಲ್ಲಿ ಬಹಳ ಮಂದಿ ಕೇಳ್ತಾರ. ಗೋಡೆಯ ನಕ್ಷೆ ನೋಡಿದರ ಹಂಗೇ ಅನಸತೈತಿ. ಅದರ ಮೇಲೆ ಸ್ಕೇಲ್ ಇಟ್ಟರ ಗೆರೆ ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗತೈತಿ. ಆ ದಾರಿ ಹಿಡಿದರ 20,000 ಕಿ.ಮೀ. ಹತ್ತಿರ ಆಗತೈತಿ.

ಈಗ ಧ್ರುವದ ಲೆಕ್ಕ ಮಾಡೋಣ. ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 37½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿಂದ ಧ್ರುವಕ್ಕೆ 52½ ಡಿಗ್ರಿ. ಬೆಂಗಳೂರು 13 ಡಿಗ್ರಿಯಲ್ಲಿದೆ. ಧ್ರುವದಿಂದ ಇಲ್ಲಿಗೆ 77 ಡಿಗ್ರಿ. ಒಟ್ಟು 129½. ಒಂದು ಡಿಗ್ರಿಗೆ 111 ಕಿ.ಮೀ. ಹಿಡಿದರೆ ಸುಮಾರು 14,400 ಕಿ.ಮೀ. ಎಲ್ಲಕ್ಕಿಂತ ಹತ್ತಿರದ ದಾರಿ ಸುಮಾರು 14,000. ಅಂದರೆ ಧ್ರುವದ ದಾರಿ ಸುತ್ತಲ್ಲ, ಹೆಚ್ಚು ಕಡಿಮೆ ಅದೇ ನೇರ ದಾರಿ.

ತಪ್ಪಿಸೋದು ನಕ್ಷೆ. ಭೂಮಿ ದುಂಡಗಿದೆ, ಕಾಗದ ಚಪ್ಪಟೆ. ರೇಖಾಂಶದ ಗೆರೆಗಳು ಧ್ರುವದಲ್ಲಿ ಒಂದೇ ಬಿಂದುವಿಗೆ ಸೇರತಾವ. ಗೋಡೆಯ ನಕ್ಷೆಯಲ್ಲಿ ಅವನ್ನು ಮೇಲಿನವರೆಗೂ ಅಗಲವಾಗೇ ಎಳೆದಿರತಾರ. ಹಂಗಾಗಿ ಒಂದು ಬಿಂದು ಇಡೀ ನಕ್ಷೆಯಷ್ಟು ಉದ್ದ ಆಗಿಬಿಡತೈತಿ.

ಪರೀಕ್ಷೆಗೆ ನಕ್ಷೆ ಸಾಕು ಅಂತ ಕೆಲವರು ಅಂತಾರ. ಬಾಗಲಕೋಟೆಯಿಂದ ಹುನಗುಂದಕ್ಕೆ, ಬಾದಾಮಿಗೆ ದೂರ ನೋಡಲು ನಕ್ಷೆ ಸಾಕು, ಒಪ್ಪೋಣ. ಸಣ್ಣ ಜಾಗದಲ್ಲಿ ಭೂಮಿಯ ದುಂಡು ತಿಳಿಯೋದೇ ಇಲ್ಲ. ಆದರೆ ಖಂಡದಿಂದ ಖಂಡಕ್ಕೆ ಅಳೆಯುವಾಗ ಗ್ಲೋಬ್ ಬೇಕೇ ಬೇಕು.

ನಮ್ಮ ಗ್ಲೋಬ್ ಒಡೆದೀತು ಅನ್ನೋ ಅಂಜಿಕೆಯಿಂದ ಕಪಾಟಿನೊಳಗೆ ಕುಂತೈತಿ. ಒಡೆದರೆ ಇನ್ನೊಂದು ತರಬಹುದು. ತಪ್ಪು ತಿಳುವಳಿಕೆ ತಲೆಯಲ್ಲಿ ಗಟ್ಟಿಯಾದರೆ ತೆಗೆಯೋದು ಕಷ್ಟ. ಗುರುಗಳು ವಾರಕ್ಕೊಂದು ತಾಸು ಅದನ್ನು ನಮ್ಮ ಕೈಗೆ ಕೊಡಬೇಕು ಅಂತ ನನ್ನ ವಿನಂತಿ. ಇಳಕಲ್ ಸೀರೆ ನೇಯುವ ಮನೆಗಳ ಮಕ್ಕಳು ನಮ್ಮಲ್ಲಿ ಇದ್ದೇ ಇದ್ದಾರೆ, ನೂಲಿಗೇನು ಬರ? ಎರಡು ಊರಿನ ಮೇಲೆ ನೂಲು ಬಿಗಿಯಾಗಿ ಹಿಡಿಯಿರಿ. ಹತ್ತಿರದ ದಾರಿ ಯಾವುದಂತ ನೂಲೇ ಹೇಳತೈತಿ.

ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ, ನಮಗ್ಯಾಕ ಇದೆಲ್ಲ ಅನಬ್ಯಾಡ್ರಿ. ಮುಂದೊಂದು ದಿನ ನಮ್ಮ ತರಗತಿಯ ಹುಡುಗಿಯೂ ವಿಮಾನ ನಡೆಸಬಹುದು. ಆಕೆ ದಾರಿ ಕಲಿಯೋದು ಇಲ್ಲಿಂದಲೇ.

ಇದು ನನ್ನ ಅಭಿಪ್ರಾಯ. ನಿಮ್ಮದನ್ನೂ ಬರೆದು ಮುಂದಿನ ಸಂಚಿಕೆಗೆ ಕೊಡ್ರಿ.

– 9ನೇ ತರಗತಿ ವಿದ್ಯಾರ್ಥಿನಿ