ಡಿಟೆಕ್ಟರ್ ಕೊನೆಗೆ ಕೊಳ್ಳಿ

ಹಾಸ್ಟೆಲ್‌ನಲ್ಲಿ ಹೊಸ ಹುಚ್ಚು ಶುರುವಾಗಿದೆ. ಯಾರ ಫೋನ್ ನೋಡಿದ್ರೂ ಇಂಗ್ಲೆಂಡಿನ ಯಾರೋ ತಾತ ಹಸಿರು ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಬೀಸ್ಕೊಂಡು ನಡೀತಿರ್ತಾನೆ. ‘ಪೀಂಯ್’ ಅಂತ ಸದ್ದು ಬರುತ್ತೆ, ಮಣ್ಣು ಬಗೆದ್ರೆ ಬೆಳ್ಳಿ ನಾಣ್ಯ. ನೋಡಿದವರೆಲ್ಲ ಕೇಳೋದು ಒಂದೇ: "ಯಾವ ಮಾಡೆಲ್ ತಗೊಳ್ಳೋದು ಗುರು?" ನಾನು ಸೂಲಿಬೆಲೆ ಕಡೆಯವನು, ಮನೇಲಿ ಹೊಲ ಇದೆ ಅಂತ ಈ ಪ್ರಶ್ನೆ ನನ್ನ ಹತ್ರ ಸ್ವಲ್ಪ ಜಾಸ್ತೀನೇ ಬರುತ್ತೆ. ಡಿಟೆಕ್ಟರ್ ಕೊನೆಗೆ ಕೊಳ್ಳಿ ಅನ್ನೋದು ನನ್ನ ಅಭಿಪ್ರಾಯ. ಅದಕ್ಕೆ ಮುಂಚೆ ಕೊಳ್ಳಬೇಕಾದ್ದು, ಕೇಳಬೇಕಾದ್ದು ಬೇರೆ ಇದೆ.

ಮೊದಲು ಆ ವಿಡಿಯೋ ವಿಷಯ. 2009ರಲ್ಲಿ ಟೆರಿ ಹರ್ಬರ್ಟ್ ಅನ್ನೋರು ಸ್ಟಾಫರ್ಡ್‌ಶೈರ್‌ನ ಒಂದು ಹೊಲದಲ್ಲಿ ಡಿಟೆಕ್ಟರ್ ಹಿಡಿದು ಆಂಗ್ಲೋ-ಸ್ಯಾಕ್ಸನ್ ಕಾಲದ ಚಿನ್ನದ ರಾಶಿ ಪತ್ತೆ ಮಾಡಿದ್ರು. ಅದರ ಬೆಲೆ 32.85 ಲಕ್ಷ ಪೌಂಡ್ ಅಂತ ನಿಗದಿಯಾಯ್ತು. ಅವರಿಗೂ ಜಮೀನಿನ ಮಾಲೀಕರಿಗೂ ಸಮಪಾಲು. ವಿಡಿಯೋದವರು ತೋರಿಸೋದು ಇಷ್ಟೇ. ಅಲ್ಲೂ ಮಾಲೀಕರ ಒಪ್ಪಿಗೆ ಬೇಕು, 1996ರ ಕಾಯ್ದೆ ಪ್ರಕಾರ ನಿಧಿ ಸಿಕ್ಕಿದ್ರೆ 14 ದಿನದೊಳಗೆ ತಿಳಿಸಬೇಕು. ಅದನ್ನ ಯಾರೂ ರೀಲ್ ಮಾಡಲ್ಲ.

ನಮ್ಮಲ್ಲಿ 1878ರ ಭಾರತೀಯ ನಿಧಿ ಕಾಯ್ದೆ ಅಂತ ಒಂದಿದೆ. ಮಣ್ಣಿನಲ್ಲಿ ಅಡಗಿದ್ದು 10 ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕಿದ್ರೆ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕು ಅನ್ನುತ್ತೆ ಅದು. ಹತ್ತು ರೂಪಾಯಿ! ಕ್ಯಾಂಟೀನ್ ಟೀಗೂ ಸಾಲದ ದುಡ್ಡು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆಯೂ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ವಿಗ್ರಹ ಎಲ್ಲ ಪ್ರಾಚ್ಯವಸ್ತು. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ. ಅಂದ್ರೆ ಹಳೇ ಗುಡಿ, ಕೋಟೆ, ವೀರಗಲ್ಲು ಇರೋ ಜಾಗಕ್ಕೆ ಡಿಟೆಕ್ಟರ್ ಹಿಡ್ಕೊಂಡು ಹೋಗೋ ಯೋಚನೆ ಇದ್ರೆ ಈಗಲೇ ಬಿಡಿ.

ಕಾನೂನಿಗಿಂತ ನನಗೆ ಹೆಚ್ಚು ಭಯ ಇರೋದು ಇನ್ನೊಂದರ ಬಗ್ಗೆ. ಹಳ್ಳಿ ಕಡೆ ರಾತ್ರಿ ಹೊತ್ತು ಟಾರ್ಚು, ಹಾರೆ ಹಿಡಿದು ಬಂದವರಿಗೆ ಒಂದೇ ಹೆಸರು: ನಿಧಿಗಳ್ಳರು. 2019ರ ಜುಲೈನಲ್ಲಿ ಆನೆಗೊಂದಿ ಹತ್ರ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿ ಆಸೆಗೆ ಒಡೆದು ಹಾಕಿದ್ದು ನೆನಪಿರಬೇಕು. ಊರೂರಲ್ಲಿ ಬಸವಣ್ಣನ ವಿಗ್ರಹ ಒಡೆದದ್ದು, ವೀರಗಲ್ಲು ಕಿತ್ತು ಕೆಳಗೆ ಅಗೆದದ್ದು ಪೇಪರ್‌ನಲ್ಲಿ ಬರ್ತಾನೇ ಇರುತ್ತೆ. ಇಂಥ ಊರಿಗೆ ನೀವು ಹೆಡ್‌ಫೋನ್ ಹಾಕ್ಕೊಂಡು, ಕೈಯಲ್ಲಿ ಕಾಯಿಲ್ ಹಿಡ್ಕೊಂಡು ಇಳಿದ್ರೆ ‘ಹವ್ಯಾಸಿ’ ಅಂತ ಯಾರು ನಂಬ್ತಾರೆ? ಹಾಗಾಗಿ ಮೊದಲ ಆಕ್ಸೆಸರಿ ಒಂದು ಹಾಳೆ. ಜಮೀನಿನವರ ಹೆಸರು, ಸರ್ವೆ ನಂಬರ್, ತಾರೀಕು, ಸಿಕ್ಕಿದ್ದನ್ನ ಏನು ಮಾಡ್ತೀವಿ ಅನ್ನೋ ಎರಡು ಸಾಲು, ಅವರ ಸಹಿ. ಇದರಿಂದ ಕಾನೂನಿನ ಜವಾಬ್ದಾರಿ ತಪ್ಪಲ್ಲ, ಆದ್ರೆ ನೀವು ಕದ್ದು ಬಂದಿಲ್ಲ ಅಂತಾದ್ರೂ ಗೊತ್ತಾಗುತ್ತೆ. ಹೋಗೋದು ಹಗಲಲ್ಲಿ. ಅಕ್ಕಪಕ್ಕದ ಹೊಲದವರಿಗೂ "ಅಣ್ಣಾ, ಹಿಂಗೆ ಬಂದಿದ್ದೀವಿ" ಅಂತ ಒಂದು ಮಾತು.

ಹಾಗಾದ್ರೆ ಹುಡುಕೋದೇನು ಅಂತ ಕೇಳ್ತೀರಿ. ನಮ್ಮ ಕಡೆ ಹೆಣ್ಣುಮಕ್ಕಳು ಕಳೆ ಕೀಳುವಾಗ, ರಾಗಿ ಕೊಯ್ಯುವಾಗ ಕಳ್ಕೊಂಡ ಓಲೆ, ಮೂಗುತಿ, ತಾಳಿ ಗುಂಡು ಎಷ್ಟಿವೆಯೋ ದೇವರಿಗೇ ಗೊತ್ತು. ಮನೇಲಿ ಬೈಸ್ಕೊಂಡು, ಅತ್ತು, ಸುಮ್ಮನಾದವರೇ ಎಲ್ಲ. ಡಿಟೆಕ್ಟರ್‌ನ ಅತ್ಯುತ್ತಮ ಉಪಯೋಗ ಇದೇ ಅಂತ ನನ್ನ ವಾದ. ಇದಕ್ಕೆ ಯಾರ ಗುಡೀನೂ ಅಗೀಬೇಕಿಲ್ಲ, ಸಿಕ್ಕಿದ್ದು ಯಾರದ್ದು ಅಂತಾನೂ ಗೊತ್ತಿರುತ್ತೆ.

ಆದ್ರೆ ಇದು ಸುಲಭ ಅಲ್ಲ. ಡಿಟೆಕ್ಟರ್ ಲೋಹವನ್ನ ಗುರುತಿಸೋದು ಅದರೊಳಗೆ ಹುಟ್ಟೋ ಎಡ್ಡಿ ಕರೆಂಟ್‌ನಿಂದ. ಸಣ್ಣ ಚಿನ್ನದ ಚೂರೂ ಮಾತ್ರೆ ಸ್ಟ್ರಿಪ್‌ನ ಅಲ್ಯೂಮಿನಿಯಂ ಹಾಳೆಯೂ ಪರದೆ ಮೇಲೆ ಹೆಚ್ಚುಕಡಿಮೆ ಒಂದೇ ನಂಬರ್ ಕೊಡುತ್ತವೆ. ‘ಕಸ ಬೇಡ’ ಅಂತ ಡಿಸ್ಕ್ರಿಮಿನೇಷನ್ ಏರಿಸಿದ್ರೆ ಕಸದ ಜೊತೆ ಮೂಗುತೀನೂ ಮಾಯ. ಇನ್ನೊಂದು ತಮಾಷೆ: ನಮ್ಮ ಸ್ಟೀಲ್ ರೂಪಾಯಿ ನಾಣ್ಯ ಫೆರಿಟಿಕ್ ಸ್ಟೇನ್‌ಲೆಸ್ ಸ್ಟೀಲ್, ಅಯಸ್ಕಾಂತಕ್ಕೆ ಅಂಟುತ್ತೆ. ವಿದೇಶಿ ವಿಡಿಯೋದ ಸೆಟ್ಟಿಂಗ್ ಹಾಗೇ ಹಾಕ್ಕೊಂಡ್ರೆ ಮೆಷಿನ್ ಅದನ್ನ ಮೊಳೆ ಅಂತ ತಿಳಿದು ಸುಮ್ಮನಿದ್ದುಬಿಡಬಹುದು.

ಆಳದ ಬಗ್ಗೆ ಜಾಹೀರಾತು ಹೇಳೋದನ್ನ ನಂಬಬೇಡಿ. ನಾವು ಇಂಜಿನಿಯರಿಂಗ್ ಓದ್ತಿರೋರು, ಲೆಕ್ಕ ಹಾಕೋಣ. ಕಾಯಿಲ್‌ನ ಕಾಂತಕ್ಷೇತ್ರ ಸುಮಾರಾಗಿ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತೆ. ಸಣ್ಣ ವಸ್ತುವಿನಿಂದ ವಾಪಸ್ ಬರೋ ಸಿಗ್ನಲ್ ಮತ್ತೆ ಅಷ್ಟೇ ಕುಗ್ಗುತ್ತೆ. ಒಟ್ಟು ಆರನೇ ಘಾತ. ಆಳ ಎರಡರಷ್ಟಾದ್ರೆ ಸಿಗ್ನಲ್ 64ರಲ್ಲಿ ಒಂದು ಭಾಗ. ಹಾಗಾಗಿ ಒಂದು ನಾಣ್ಯಕ್ಕೆ ಒಂದು ಗೇಣು ಆಳ ಸಿಕ್ಕಿದ್ರೆ ಅದೇ ದೊಡ್ಡದು. ಎಂಟು ಅಡಿ ಕೆಳಗಿನ ಚಿನ್ನ ತೋರಿಸುತ್ತೆ ಅನ್ನೋನು ನಿಮ್ಮ ಜೇಬು ತೋರಿಸ್ತಿದ್ದಾನೆ.

ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ಇರೋದ್ರಿಂದ ಅಗ್ಗದ ಮೆಷಿನ್ ಬರೀ ಮಣ್ಣಿಗೇ ಕಿರುಚುತ್ತೆ. ಆದ್ದರಿಂದ ಕೊನೆಗೆ ಡಿಟೆಕ್ಟರ್ ಕೊಳ್ಳೋವಾಗ ಒಂದನ್ನ ಮಾತ್ರ ಬಿಡಬೇಡಿ: ಗ್ರೌಂಡ್ ಬ್ಯಾಲೆನ್ಸ್. ಅದನ್ನ ಕೈಯಲ್ಲೇ ಹೊಂದಿಸೋ ಸೌಲಭ್ಯ ಇದ್ರೆ ಇನ್ನೂ ಒಳ್ಳೇದು. ಬ್ಲೂಟೂತ್, ಬಣ್ಣದ ಪರದೆ ಇಲ್ಲದಿದ್ರೂ ಯಾರೂ ಸಾಯಲ್ಲ.

ಉಳಿದ ದುಡ್ಡಲ್ಲಿ ಪಿನ್‌ಪಾಯಿಂಟರ್. ಇದು ಕೈಯಲ್ಲಿ ಹಿಡಿಯೋ ದಪ್ಪ ಪೆನ್ನಿನಂಥದ್ದು; ಗುಂಡಿಯೊಳಗೆ, ಅಗೆದ ಮಣ್ಣಿನೊಳಗೆ ಚೂರು ಎಲ್ಲಿದೆ ಅಂತ ಹೇಳುತ್ತೆ. ಇದಿಲ್ಲದೆ ತಾಳಿ ಗುಂಡು ಹುಡುಕೋದು ಅಂದ್ರೆ ಕಣ್ಣು ಮುಚ್ಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಅಗೆಯೋಕೆ ಗಿಡ ನೆಡೋ ಸಣ್ಣ ಸಲಿಕೆ ಸಾಕು, ಗುದ್ದಲಿ ಬೇಡ. ಒಂದೇಟಿಗೆ ಓಲೆ ನುಜ್ಜಾಗುತ್ತೆ. ಹೆಡ್‌ಫೋನ್ ಬೇಕು, ಸಣ್ಣ ಸದ್ದು ಕೇಳಿಸೋಕೆ. ಆದ್ರೆ ಒಂದು ಕಿವಿ ಬಿಟ್ಟು ಹಾಕ್ಕೊಳ್ಳಿ, ಬದು ಪಕ್ಕದಲ್ಲಿ ಹಾವಿರ್ತವೆ. ಚೀಲದಲ್ಲಿ ಎರಡು ಖಾನೆ: ಸಿಕ್ಕಿದ್ದಕ್ಕೆ ಒಂದು, ಕಸಕ್ಕೆ ಒಂದು. ಕಸ ಅಲ್ಲೇ ಬಿಸಾಕಿದ್ರೆ ಮುಂದಿನ ಸಲ ಅದೇ ಮತ್ತೆ ಕೂಗುತ್ತೆ. ಬೆಲ್ಟ್ ಬಕಲ್, ಕಬ್ಬಿಣದ ಟೋ ಇರೋ ಶೂ ಬೇಡ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯಲ್ಲಿದ್ದ ಗುಂಡು ಹುಡುಕೋಕೆ ಗ್ರಹಾಂ ಬೆಲ್ ಇಂಥದ್ದೇ ಯಂತ್ರ ಮಾಡ್ಕೊಂಡು ಹೋಗಿದ್ರು, ಗುಂಡು ಸಿಗಲಿಲ್ಲ. ಹಾಸಿಗೆಯ ಲೋಹದ ಸ್ಪ್ರಿಂಗ್‌ಗಳು ದಾರಿ ತಪ್ಪಿಸಿದವು ಅಂತಾರೆ. ಬೆಲ್‌ಗೇ ಹಾಗಾದ್ರೆ ನಮ್ಮ ಕಥೆ ಏನು. ಹೈಟೆನ್ಷನ್ ಲೈನ್ ಕೆಳಗೆ, ಬೋರ್‌ವೆಲ್ ಮೋಟಾರ್ ಓಡೋವಾಗ ಮೆಷಿನ್ ತಾನೇ ತಾನಾಗಿ ಬಡಬಡಿಸುತ್ತೆ. ಪಂಪ್‌ಸೆಟ್ ಕೇಬಲ್ ಎಲ್ಲಿ ಹೂತಿದ್ದಾರೆ ಅಂತ ಕೇಳದೆ ಸಲಿಕೆ ಹಾಕಲೇಬೇಡಿ.

ಕೊನೇ ಸಾಮಾನು ನೋಟ್‌ಬುಕ್ಕು, ಪೆನ್ನು. ಫೋನಿನ ಜಿಪಿಎಸ್ ಜೊತೆಗೆ. 1891ರಲ್ಲಿ ಯಶವಂತಪುರದ ಹತ್ರ ರೈಲು ಹಳಿಗೆ ಮಣ್ಣು ಅಗೆಯೋವಾಗ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು, 163. ಎಲ್ಲಿ, ಯಾವಾಗ ಸಿಕ್ಕವು ಅನ್ನೋದು ದಾಖಲಾಗಿದ್ದಕ್ಕೇ ನಮ್ಮ ನೆಲಕ್ಕೂ ರೋಮಿಗೂ ನಂಟಿತ್ತು ಅಂತ ಇವತ್ತು ಹೇಳಬಹುದು. ಯಾರಾದ್ರೂ ಒಂದೊಂದೇ ಜೇಬಿಗಿಳಿಸಿದ್ದಿದ್ರೆ ಬೆಳ್ಳಿ ಅಂಗಡಿಯ ತಕ್ಕಡಿಗೆ ಹೋಗ್ತಿತ್ತು, ಅಷ್ಟೇ. ಹಳೇದು ಅನ್ನಿಸೋ ನಾಣ್ಯ, ಮಡಕೆ ಅಂಚು ಕಂಡ ತಕ್ಷಣ ಕೈ ನಿಲ್ಲಿಸಿ. ತೊಳೀಬೇಡಿ, ಉಜ್ಜಬೇಡಿ. ಫೋಟೋ ತೆಗೆದು ತಹಶೀಲ್ದಾರ್ ಕಚೇರಿಗೆ ತಿಳಿಸಿ.

"ಸ್ಯಾಟಲೈಟ್ ರಿಂಗ್ ರೋಡ್ ಬಂದ್ಮೇಲೆ ಸೂಲಿಬೆಲೆ ಸುತ್ತ ಹೊಲಗಳೆಲ್ಲ ಲೇಔಟ್ ಆಗ್ತಿವೆ, ಜೆಸಿಬಿ ಎಲ್ಲಾನೂ ನುಂಗುತ್ತೆ, ನಾವೇ ಅಗೆದ್ರೆ ತಪ್ಪೇನು?" ಅಂತ ಒಬ್ಬ ಗೆಳೆಯ ವಾದ ಮಾಡ್ತಾನೆ. ಅವನ ಸಂಕಟ ನನಗೆ ಅರ್ಥವಾಗುತ್ತೆ. ಆದ್ರೆ ಬರೆದಿಡದೆ ಅಗೆದ್ರೆ ನಾವೂ ಸಣ್ಣ ಜೆಸಿಬಿನೇ. ಹಳೇದರ ಮೇಲೆ ಅಷ್ಟು ಪ್ರೀತಿ ಇದ್ರೆ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡ್ತಿದ್ದಾರೆ, ಅದನ್ನ ನೋಡಲಿ. ಹೊಸಕೋಟೆ ತಾಲ್ಲೂಕಿನ ಶಾಸನಗಳು ರೈಸ್ ಅವರ 1905ರ ಸಂಪುಟದಲ್ಲೇ ಇವೆ. ಅದರಲ್ಲಿರೋ ಎಷ್ಟು ಕಲ್ಲು ಈಗಲೂ ಜಾಗದಲ್ಲಿವೆ ಅಂತ ಒಂದು ಭಾನುವಾರ ಸುತ್ತಿ ನೋಡೋಕೆ ಯಾವ ಕಾಯಿಲ್ಲೂ ಬೇಡ.

ಮೆಷಿನ್ ಬಂದ ಮೇಲೆ ಮೊದಲ ವಾರ ಹಿತ್ತಲಲ್ಲೇ ಕಳೀರಿ. ಒಂದು ಮೊಳೆ, ಒಂದು ಮಾತ್ರೆ ಹಾಳೆ, ಒಂದು ಸ್ಟೀಲ್ ರೂಪಾಯಿ, ಅಮ್ಮ ಒಪ್ಪಿದ್ರೆ ದಾರ ಕಟ್ಟಿದ ಒಂದು ಹಳೇ ಓಲೆ. ಐದು, ಹತ್ತು, ಹದಿನೈದು ಸೆಂಟಿಮೀಟರ್ ಆಳಕ್ಕೆ ಹೂತು ಒಂದೊಂದರ ಸದ್ದು ಬರೆದಿಟ್ಕೊಳ್ಳಿ. ಓಲೆ ಹೂತ ಜಾಗಕ್ಕೆ ಮಾತ್ರ ಮರೀದೆ ಒಂದು ಕಡ್ಡಿ ನೆಡಿ.